ಇದೇ ಫಸ್ಟ್ ಕಂಪ್ಲೇಂಟ್ ಅಂತ್ರಿ!

ಮಾನ್ಯ ಗ್ರಾಹಕ ಸಂತೃಪ್ತಿ ವಿಭಾಗದ ಮುಖ್ಯಸ್ಥರಿಗೆ,

ನಾನು ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ನಿಮ್ಮ ಕಂಪನಿಯ ಪುಟ್ಟ ಕಾರೊಂದರ ಒಡತಿ. ಕಂಪನಿಯ ಹೆಸರನ್ನು ಬೇಕೆಂತಲೇ ಬರೆದಿಲ್ಲ. ಓದಿದವರೆಲ್ಲ ಇದು ತಮ್ಮ ಕಾರಿನ ಕಂಪನಿಗೇ ಬರೆದದ್ದು ಅಂದುಕೊಂಡರೆ ಆ ಹೊಣೆ ನನ್ನದಲ್ಲ.

ಮೊದಲು ಅಭಿನಂದನೆ ಹೇಳಬೇಕು. ನಿಮ್ಮ ಈ ಮಾಡೆಲ್ಲಿನ ಎಸಿ ಕೂಲಿಂಗ್ ಕಾಯಿಲ್ ಇಡೀ ದೇಶದಲ್ಲಿ ಇಂದಿನವರೆಗೆ ಯಾರಿಗೂ ತೊಂದರೆ ಕೊಟ್ಟಿರಲಿಲ್ಲವಂತೆ. ಸರ್ವಿಸ್ ಸೆಂಟರಿನ ಅಡ್ವೈಸರ್ ಹುಡುಗ ಕಂಪ್ಯೂಟರಿನಿಂದ ತಲೆ ಎತ್ತದೆ, "ಇದೇ ಫಸ್ಟ್ ಕಂಪ್ಲೇಂಟ್ ಬಂದದ್ರಿ ಮೇಡಂ" ಅಂದ. ಅಷ್ಟೊಂದು ಕಾರುಗಳಿರುವಾಗ ತೂತು ಬೀಳುವುದಕ್ಕೆ ನನ್ನ ಕಾರನ್ನೇ ಆರಿಸಿಕೊಂಡ ಆ ಕಾಯಿಲಿನ ಅಭಿಮಾನಕ್ಕೆ ನಾನು ಕರಗಿಹೋದೆ. ಆ ಮಾತು ಮುಗಿಯುವಷ್ಟರಲ್ಲಿ ಅವನೇ ಮುಂದುವರಿಸಿದ: "ಕಾಯಿಲ್ ಸ್ಟಾಕ್ ಇಲ್ರಿ. ಬ್ಯಾಕ್ ಆರ್ಡರ್‌ನಾಗ ಅದ. ನಿಮಗಿಂತ ಮದ್ಲ ಭಾಳ ಮಂದಿ ಹಾಕ್ಯಾರ." ಯಾರ ಕಾರಿನಲ್ಲೂ ಕೆಡದ ಸಾಮಾನು ಗೋದಾಮಿನಲ್ಲಿ ಖಾಲಿಯಾಗುವ ವಿದ್ಯಮಾನವನ್ನು ನಾನು ಕಲಿಸುವ ಯಾವ ಪಠ್ಯಪುಸ್ತಕದಲ್ಲೂ ಕಂಡಿಲ್ಲ. ಸಾಧ್ಯವಾದರೆ ನಿಮ್ಮ ಎಂಜಿನಿಯರೊಬ್ಬರನ್ನು ನಮ್ಮ ಶಾಲೆಗೆ ಕಳಿಸಿ, ಮಕ್ಕಳಿಗೆ ವಿವರಿಸಲಿ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹೇಳಿಕೊಟ್ಟದ್ದನ್ನು ಅವನು ಹೇಳಿದ. ಅದಕ್ಕೇ ಅವನಿಗೆ ಹೇಳಿಕೊಟ್ಟ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಕಚೇರಿ ಇರುವ ಊರಿನಲ್ಲಿ ಏಪ್ರಿಲ್ ಹೇಗಿರುತ್ತದೋ ತಿಳಿಯದು. ಇಲ್ಲಿ 40 ಡಿಗ್ರಿ ದಾಟುವುದು ಪತ್ರಿಕೆಯವರಿಗೂ ಸುದ್ದಿಯಲ್ಲ. ಮಟಮಟ ಮಧ್ಯಾಹ್ನ ಹುಮನಾಬಾದಿನಿಂದ ಕಲಬುರಗಿಗೆ ಬರುವವರು ಕಾರಿನ ಕಿಟಕಿ ಇಳಿಸಿದರೆ ಒಳಗೆ ಬರುವುದು ಗಾಳಿಯಲ್ಲ, ಝಳ. ಎಸಿ ಇರುವ ಕಾರು ಬೇಕೆಂದು ಸಾಲ ಮಾಡಿದ್ದು ಜಂಬಕ್ಕಲ್ಲ, ಹಿಂದಿನ ಸೀಟಿನಲ್ಲಿ ಕೂರುವ ಅತ್ತೆಯವರ ಬಿಪಿಗಾಗಿ.

ನಿಮ್ಮಲ್ಲಿ ಕಾಯಿಲ್ ಇಲ್ಲವೆಂದ ಮೇಲೆ ರಿಂಗ್ ರೋಡಿನ ಬದಿಯಲ್ಲಿ ಎಸಿ ರಿಪೇರಿ ಮಾಡುವ ಉಸ್ತಾದರೊಬ್ಬರ ಹತ್ತಿರ ಹೋದೆ. ಅವರು ಬಾನೆಟ್ ಎತ್ತಲಿಲ್ಲ, ಮೀಟರ್ ಹಚ್ಚಲಿಲ್ಲ. ಕಾರಿನ ಮೂತಿ ನೋಡಿ, "ಈ ಮಾಡೆಲ್ ಏನ್ರಿ ಅಕ್ಕೋರೆ? ಹಂಗಾದ್ರ ಕಾಯಿಲೇ ಹೋಗ್ಯಾದ. ಡ್ಯಾಶ್‌ಬೋರ್ಡ್ ಇಳಿಸಬೇಕಾಗ್ತದ" ಅಂದರು. ಆಮೇಲೆ ನನ್ನ ಸಮಾಧಾನಕ್ಕೆಂದು ನೈಟ್ರೋಜನ್ ತುಂಬಿ ಒತ್ತಡ ಇಳಿಯುವುದನ್ನು ತೋರಿಸಿದರು. ಅಂಗಡಿಯ ಮೂಲೆಯ ಗೋಣಿಚೀಲದಲ್ಲಿ ಬಿಚ್ಚಿ ತೆಗೆದ ಕಾಯಿಲ್‌ಗಳಿದ್ದವು. ಗುಜರಿಯವರು ಅಲ್ಯೂಮಿನಿಯಂ ಲೆಕ್ಕದಲ್ಲಿ ತೂಗಿ ಒಯ್ಯುತ್ತಾರಂತೆ. ನಿಮ್ಮ ಕಂಪ್ಯೂಟರಿಗೆ ತಿಳಿಯದ್ದು ತಗಡಿನ ಶೆಡ್ಡಿನಲ್ಲಿ ಕೂತವರಿಗೆ ತೂಕದ ಲೆಕ್ಕದಲ್ಲಿ ತಿಳಿದಿದೆ.

ತೂತು ಯಾಕೆ ಬೀಳುತ್ತದೆ ಎಂಬುದೂ ಗುಟ್ಟೇನಲ್ಲ, ಒಂಬತ್ತನೇ ತರಗತಿಯ ಮಕ್ಕಳಿಗೂ ಹೇಳಬಹುದು. ಕಾಯಿಲ್ ಇರುವುದು ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ. ತೆಳು ಅಲ್ಯೂಮಿನಿಯಂ ನಾಳಗಳು, ಅವಕ್ಕೆ ಅಂಟಿದ ಇನ್ನೂ ತೆಳುವಾದ ರೆಕ್ಕೆಗಳು. ಎಸಿ ಹಾಕಿದಾಗ ಗಾಳಿಯ ತೇವ ಆ ತಣ್ಣನೆಯ ಲೋಹದ ಮೇಲೆ ನೀರಾಗಿ ಇಳಿಯುತ್ತದೆ, ರಸ್ತೆಯ ದೂಳು ಆ ನೀರಿಗೆ ಅಂಟುತ್ತದೆ. ಎಸಿ ಆರಿಸಿದ ಮೇಲೂ ಆ ಕೆಸರು ಹಸಿಯಾಗಿಯೇ ಇದ್ದು ದಿನಾ ಅಷ್ಟಷ್ಟು ಲೋಹ ತಿನ್ನುತ್ತದೆ. ಇದಕ್ಕೆ ಉಪಾಯ ಇಲ್ಲವೇ? ನಾಳದ ಗೋಡೆ ತುಸು ದಪ್ಪ ಮಾಡಬಹುದು, ಮೇಲೆ ಒಳ್ಳೆಯ ಲೇಪನ ಕೊಡಬಹುದು, ನೀರು ನಿಲ್ಲದಂತೆ ಇಳಿಜಾರು ಕೊಡಬಹುದು, ದೂಳು ತಡೆಯಲು ಕ್ಯಾಬಿನ್ ಫಿಲ್ಟರ್ ಹಾಕಬಹುದು. ಅಂದಹಾಗೆ, ನನ್ನ ಕಾರಿನಲ್ಲಿ ಫಿಲ್ಟರ್ ಇಡಲು ಅಚ್ಚುಕಟ್ಟಾದ ಗೂಡಿದೆ. ಫಿಲ್ಟರ್ ಇಲ್ಲ. ಅದು ಮೇಲಿನ ವೇರಿಯೆಂಟಿನವರಿಗೆ ಮಾತ್ರವಂತೆ. ಕಲಬುರಗಿಯ ದೂಳಿಗೆ ಯಾವುದು ಬೇಸ್ ವೇರಿಯೆಂಟ್, ಯಾವುದು ಟಾಪ್ ಎಂದು ಯಾರೂ ಹೇಳಿಕೊಟ್ಟಿಲ್ಲ, ಅದೊಂದು ಲೋಪ.

ನಿಮ್ಮವರು ಕಂಡುಹಿಡಿದ ಕಾರಣ ಮಾತ್ರ ನನ್ನ ವಿಜ್ಞಾನಕ್ಕಿಂತ ಬಹಳ ಮುಂದೆ ಹೋಗಿದೆ. "ಕಾರ್‌ನಾಗ ಪರ್ಫ್ಯೂಮ್ ಇಟ್ಟೀರಿ ನೋಡ್ರಿ, ಅದರ ಕೆಮಿಕಲ್‌ಗೇ ಕಾಯಿಲ್ ಹೋಗ್ತದ" ಅಂದರು ವರ್ಕ್‌ಶಾಪ್ ಮ್ಯಾನೇಜರ್. ನಮ್ಮ ಕಾರಿನಲ್ಲಿ ಪರ್ಫ್ಯೂಮ್ ಇಲ್ಲ ಎಂದೆ. ಅವರು ಸುಮ್ಮನಿರಲಿಲ್ಲ, ಡ್ಯಾಶ್‌ಬೋರ್ಡಿನ ಮೇಲಿದ್ದ ಪುಟ್ಟ ಗಣಪತಿಯತ್ತ ನೋಡಿದರು. ಊದಿನಕಡ್ಡಿ ಹಚ್ಚುತ್ತೀರೇನು ಎಂದು ಕೇಳಿದರು. ಆಯುಧಪೂಜೆಯ ದಿನ ಹಚ್ಚಿದ್ದು ನಿಜ. ವಿಘ್ನನಿವಾರಕನನ್ನೇ ಆರೋಪಿಯ ಸ್ಥಾನದಲ್ಲಿ ನಿಲ್ಲಿಸಿದ ಈ ತನಿಖೆಗೆ ಏನೆನ್ನಲಿ! ಸುವಾಸನೆಗೆ ಕರಗುವ ಲೋಹದಿಂದ ಕಾರು ಮಾಡಿದ್ದೀರಿ ಎಂದಾದರೆ ಷೋರೂಮಿನಲ್ಲಿ ಕಾರಿನ ಜೊತೆ ಪರ್ಫ್ಯೂಮ್ ಡಬ್ಬಿಯನ್ನೂ ಅಕ್ಸೆಸರಿ ಎಂದು ಮಾರುವುದೇಕೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಆಗಿನ್ನೂ ಕಾರು ಅವರ ಕೈಯಲ್ಲಿತ್ತು.

ಈ ವಿದ್ಯೆ ನಿಮ್ಮೊಬ್ಬರದೇ ಅಲ್ಲ, ಸಂಕೋಚ ಬೇಡ. ಆಸ್ಟ್ರೇಲಿಯಾದಲ್ಲಿ ಫಿಯೆಸ್ಟಾ, ಫೋಕಸ್, ಎಕೋಸ್ಪೋರ್ಟ್ ಕಾರುಗಳ ಪವರ್‌ಶಿಫ್ಟ್ ಗೇರ್‌ಬಾಕ್ಸ್ ನಡುಗುತ್ತದೆ ಎಂದು ದೂರು ಕೊಟ್ಟವರಿಗೆ ಫೋರ್ಡ್ ಕಂಪನಿ, ನೀವು ಓಡಿಸುವ ರೀತಿಯೇ ಸರಿಯಿಲ್ಲ ಎಂದು ಉತ್ತರಿಸಿತ್ತು. ನಡುಕಕ್ಕೆ ಕಾರಣ ಕಾರಿನಲ್ಲೇ ಇದೆಯೆಂಬುದು ಆ ಹೊತ್ತಿಗೆ ಕಂಪನಿಗೆ ಗೊತ್ತಿತ್ತು. ಅಲ್ಲಿನ ಗ್ರಾಹಕ ಆಯೋಗ ಕೋರ್ಟಿಗೆ ಹೋಯಿತು. 2018ರ ಏಪ್ರಿಲಿನಲ್ಲಿ ಫೆಡರಲ್ ಕೋರ್ಟು 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಗಮನಿಸಿ, ಆ ದಂಡ ಗೇರ್‌ಬಾಕ್ಸ್ ಕೆಟ್ಟದ್ದಕ್ಕಲ್ಲ. ಕೆಟ್ಟದ್ದು ಗೊತ್ತಿದ್ದೂ ಬಂದವರನ್ನು ನಡೆಸಿಕೊಂಡ ರೀತಿಗೆ. ಅಲ್ಲಿ ಊದಿನಕಡ್ಡಿ ಇರಲಿಲ್ಲ, ಇದ್ದಿದ್ದರೆ ಅದನ್ನೂ ಹೇಳುತ್ತಿದ್ದರೇನೋ.

ಈಗ ವಾರಂಟಿಯ ವಿಷಯಕ್ಕೆ ಬರೋಣ. 3 ವರ್ಷದ ವಾರಂಟಿ ಮುಗಿದಿದೆ, ಆದ್ದರಿಂದ ಖರ್ಚು ನಿಮ್ಮದೇ ಎಂಬುದು ನಿಮ್ಮ ವಾದ. ವಾದದಲ್ಲಿ ಹುಳುಕಿಲ್ಲ, ಕ್ಯಾಲೆಂಡರು ಸುಳ್ಳು ಹೇಳುವುದಿಲ್ಲ. ಆದರೆ ನನ್ನ ಹತ್ತಿರ ಒಂದು ಜಾಬ್ ಕಾರ್ಡ್ ಇದೆ. ವಾರಂಟಿ ಇದ್ದಾಗಲೇ, ಎಸಿ ತಣ್ಣಗಾಗುತ್ತಿಲ್ಲ ಎಂದು ನಾನು ಕಾರು ಬಿಟ್ಟಿದ್ದೆ. ನಿಮ್ಮವರು "ಗ್ಯಾಸ್ ಕಡಿಮೆ ಇತ್ತು, ಟಾಪ್‌ಅಪ್ ಮಾಡಲಾಗಿದೆ" ಎಂದು ಬರೆದು, ಸೀಲು ಹೊಡೆದು, ಕಾರು ತೊಳೆದು ಕೊಟ್ಟರು. ಎಸಿಯ ಗ್ಯಾಸು ಪೆಟ್ರೋಲಿನಂತೆ ಉರಿದು ತೀರುವುದಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದು ಸುತ್ತುತ್ತಲೇ ಇರಬೇಕು. ಅಷ್ಟು ಬೇಗ ಅಷ್ಟು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕದೆ ಗ್ಯಾಸು ತುಂಬಿದಿರಿ. ಅದು ಸೋರಿತು, ವಾರಂಟಿಯೂ ಮುಗಿಯಿತು. ಎರಡೂ ಎಷ್ಟು ಹೊಂದಿಕೊಂಡು ನಡೆದವು ಎಂದರೆ ಇದನ್ನು ಕಾಕತಾಳೀಯ ಎಂದರೆ ನಿಮ್ಮ ಯೋಜನಾ ವಿಭಾಗಕ್ಕೆ ಅವಮಾನವಾದೀತು.

ಕಾರನ್ನು ಕೈಗೆ ಕೊಟ್ಟ ದಿನ ನಿಮ್ಮ ಸೇಲ್ಸ್‌ನವರು ಎಕ್ಸ್‌ಟೆಂಡೆಡ್ ವಾರಂಟಿಯ ಕಾಗದ ಮುಂದಿಟ್ಟಿದ್ದರು. "ಏನೂ ಆಗಂಗಿಲ್ರಿ ಮೇಡಂ, ಬಿಂದಾಸ್ ಓಡಸ್ರಿ. ಆದ್ರೂ ಇದೊಂದು ತಗೊಂಡುಬಿಡ್ರಿ." ಏನೂ ಆಗದ ಕಾರಿಗೆ, ಏನಾದರೂ ಆದೀತೆಂದು, ಕಾರು ಮಾಡಿದವರಿಗೇ ಮತ್ತೆ ಹಣ ಕಟ್ಟುವ ಈ ತತ್ತ್ವ ನನಗೆ ಆಗ ದಕ್ಕಲಿಲ್ಲ. ಈಗಲೂ ದಕ್ಕಿಲ್ಲ.

ನಮ್ಮ ಕಾನೂನು ಏನನ್ನುತ್ತದೆ ಎಂದು ಓದಿಕೊಂಡೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 110ಎ ಎಂಬ ಕಲಂ ಸೇರಿದೆ. ವಾಹನದ ದೋಷದಿಂದ ಪರಿಸರಕ್ಕೋ, ಓಡಿಸುವವರಿಗೋ, ಒಳಗೆ ಕೂತವರಿಗೋ, ರಸ್ತೆಯಲ್ಲಿರುವ ಇತರರಿಗೋ ಹಾನಿಯಾಗುವಂತಿದ್ದರೆ ಅಂಥ ವಾಹನಗಳನ್ನು ವಾಪಸು ಕರೆಸಿ ಸರಿಪಡಿಸಲು ಸರ್ಕಾರ ಆದೇಶಿಸಬಹುದು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಇದು 7 ವರ್ಷ ದಾಟದ ವಾಹನಗಳಿಗೆ ಅನ್ವಯ, ತಪ್ಪಿದ ಕಂಪನಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. ಬ್ರೇಕು, ಸ್ಟಿಯರಿಂಗು, ಏರ್‌ಬ್ಯಾಗು ಕೈಕೊಟ್ಟರೆ ಈ ಮಾತು ಬರುತ್ತದೆ. ಬೆವರಿದರೆ ಬರುವುದಿಲ್ಲ.

ಆದರೆ "ಪರಿಸರ" ಎಂಬ ಮಾತು ಆ ಕಲಮಿನಲ್ಲಿ ಎಲ್ಲಕ್ಕಿಂತ ಮೊದಲೇ ಇದೆ, ಅದು ನನ್ನ ವಿಷಯ. ನನ್ನ ಕಾರಿನಲ್ಲಿರುವುದು ಆರ್-134ಎ ಎಂಬ ಗ್ಯಾಸು. ನೂರು ವರ್ಷದ ಲೆಕ್ಕದಲ್ಲಿ ಅದರ ಒಂದು ಕಿಲೋ ಸುಮಾರು 1,430 ಕಿಲೋ ಕಾರ್ಬನ್ ಡೈಆಕ್ಸೈಡಿನಷ್ಟು ಭೂಮಿಯನ್ನು ಕಾಯಿಸುತ್ತದೆ. ಇಂಥ ಪುಟ್ಟ ಕಾರಿಗೆ ಹಿಡಿಯುವುದು ಸುಮಾರು ಅರ್ಧ ಕಿಲೋ. ಒಂದು ಸಲ ಪೂರ್ತಿ ಸೋರಿದರೆ ಸುಮಾರು 700 ಕಿಲೋ ಕಾರ್ಬನ್ ಡೈಆಕ್ಸೈಡನ್ನು ಆಕಾಶಕ್ಕೆ ಬಿಟ್ಟ ಹಾಗೆ. ನೀವು ಸೋರುವ ಕಾಯಿಲಿಗೆ ಮತ್ತೆ ತುಂಬಿ, ಅದನ್ನೂ ಬಿಟ್ಟಿರಿ. ನಿಮ್ಮ ಷೋರೂಮಿನ ಗೋಡೆಯ ಮೇಲೆ ಹಸಿರು ಎಲೆಯ ಚಿತ್ರ, "ನಾಳಿನ ಪೀಳಿಗೆಗಾಗಿ" ಎಂಬ ಬರಹ ಇದೆ. ನಾಳಿನ ಪೀಳಿಗೆ ದಿನಾ ಬೆಳಿಗ್ಗೆ ನನ್ನ ತರಗತಿಯಲ್ಲಿ ಬೆಂಚಿನ ಮೇಲೆ ಕೂತಿರುತ್ತದೆ, ನಿಮ್ಮ ಕಾಳಜಿಯನ್ನು ತಿಳಿಸುತ್ತೇನೆ.

ಇನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅದರಲ್ಲಿ ಉತ್ಪನ್ನದ ಹೊಣೆಗಾರಿಕೆಗೆಂದೇ ಒಂದು ಅಧ್ಯಾಯವಿದೆ. ವಿನ್ಯಾಸದ ದೋಷ, ತಯಾರಿಕೆಯ ದೋಷ ಎರಡಕ್ಕೂ ಅಲ್ಲಿ ಕಂಪನಿ ಹೊಣೆ. ಓದಿ ಹಿಗ್ಗಿದೆ. ಆಮೇಲೆ "ಹಾನಿ" ಎಂದರೇನು ಎಂಬ ವಿವರಣೆ ಓದಿದೆ. ಉತ್ಪನ್ನಕ್ಕೇ ಆದ ಹಾನಿ ಅದರಲ್ಲಿ ಸೇರುವುದಿಲ್ಲವಂತೆ. ಕಾರು ನನ್ನ ಕೈಕಾಲು ಮುರಿದರೆ ಆ ಅಧ್ಯಾಯ ಓಡಿಬರುತ್ತದೆ, ಕಾರು ತನ್ನ ಕೈಕಾಲು ತಾನೇ ಮುರಿದುಕೊಂಡರೆ ಬಾಗಿಲು ಹಾಕಿಕೊಳ್ಳುತ್ತದೆ. ಅದೃಷ್ಟಕ್ಕೆ ಕಾಯ್ದೆಗೆ ಹಿತ್ತಿಲ ಬಾಗಿಲೂ ಇದೆ: ದೋಷವಿರುವ ಸರಕು ಮಾರಿದರು ಎಂಬ ಮಾಮೂಲಿ ದೂರು. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಕೊಡಬೇಕು. ವಾರಂಟಿ ಮುಗಿದ ಮೇಲೆ ದೂರು ಕೊಡಬಾರದು ಎಂದು ಮಾತ್ರ ಅದರಲ್ಲಿ ಎಲ್ಲಿಯೂ ಬರೆದಿಲ್ಲ. ಅದು ನಿಮ್ಮ ಕೌಂಟರಿನಲ್ಲಿ ಮಾತ್ರ ಚಾಲ್ತಿಯಲ್ಲಿರುವ ಕಾನೂನು.

ಹಾಗೆ ದೂರು ಕೊಟ್ಟವರಿಗೆ ನಿಮ್ಮ ವಕೀಲರು ಕೇಳುವ ಪ್ರಶ್ನೆಯೂ ಗೊತ್ತು: ಇದು ತಯಾರಿಕೆಯ ದೋಷ ಎನ್ನಲು ತಜ್ಞರ ವರದಿ ಎಲ್ಲಿದೆ? ಅಂದರೆ ನಿಮಗೆ ಗೊತ್ತಿರುವುದನ್ನು ನಾನು ದುಡ್ಡು ಕೊಟ್ಟು ಬೇರೆಯವರಿಂದ ಹೇಳಿಸಬೇಕು. ನನ್ನ ಜಗಳವಿರುವುದು ಇಲ್ಲಿಯೇ. ಕಾಯಿಲ್ ಕೆಟ್ಟದ್ದಕ್ಕಲ್ಲ, ಮನುಷ್ಯರು ಮಾಡಿದ್ದು ಕೆಡುತ್ತದೆ. ವಾರಂಟಿ ಮುಗಿದ ದಿನ ದೋಷವನ್ನು ನನಗೆ ವರ್ಗಾಯಿಸಿದಿರಿ, ಅದರ ತಿಳಿವಳಿಕೆಯನ್ನು ಮಾತ್ರ ನಿಮ್ಮಲ್ಲೇ ಇಟ್ಟುಕೊಂಡಿರಿ.

ನಿಮಗೆ ಗೊತ್ತಿತ್ತು ಎನ್ನಲು ನನ್ನಲ್ಲಿ ಏನಿದೆ ಎಂದು ಕೇಳುತ್ತೀರಿ. ಅದಕ್ಕೆ ಮೊದಲು ಜನರಲ್ ಮೋಟಾರ್ಸ್‌ನ ಕಥೆ ನೆನಪಿಸುತ್ತೇನೆ. ಆ ಕಂಪನಿಯ ಕೆಲವು ಕಾರುಗಳಲ್ಲಿ ಇಗ್ನಿಷನ್ ಸ್ವಿಚ್ ಓಡುವಾಗಲೇ ಜಾರಿ ಎಂಜಿನ್ ಆಫ್ ಆಗುತ್ತಿತ್ತು, ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತಿರಲಿಲ್ಲ. 2006ರಲ್ಲಿ ಸ್ವಿಚ್ಚನ್ನು ಸದ್ದಿಲ್ಲದೆ ಬದಲಾಯಿಸಿದರು, ಪಾರ್ಟ್ ನಂಬರು ಮಾತ್ರ ಹಳೆಯದನ್ನೇ ಉಳಿಸಿದರು. ಹಾಗಾಗಿ ಏನಾದರೂ ಬದಲಾಗಿದೆ ಎಂದು ಹೊರಗಿನವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಸತ್ತ ಯುವತಿಯೊಬ್ಬಳ ತಂದೆತಾಯಿಯ ಮೊಕದ್ದಮೆಗಾಗಿ ಮಾರ್ಕ್ ಹುಡ್ ಎಂಬ ಎಂಜಿನಿಯರ್ ಹಳೆಯ ಸ್ವಿಚ್ಚಿನ ಪಕ್ಕದಲ್ಲಿ ಅಂಗಡಿಯಿಂದ ತಂದ ಹೊಸದನ್ನು ಇಟ್ಟು ನೋಡಿದಾಗ ಒಳಗಿನ ಒಂದು ಪ್ಲಂಜರ್ ಉದ್ದವಾಗಿರುವುದು ಕಂಡಿತು. 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ವಾಪಸು ಕರೆಸಬೇಕಾಯಿತು. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124.

ಕೈಕಾಲು ನೆಟ್ಟಗಿರುವ ನಾನು ನನ್ನ ಕಾಯಿಲನ್ನು ಆ ಸಾವುಗಳ ಪಕ್ಕದಲ್ಲಿ ಇಡುವುದಿಲ್ಲ. ನೆನೆದದ್ದು ಒಂದೇ ಕಾರಣಕ್ಕೆ: ನೀವು ಅವರಿಗಿಂತ ಪ್ರಾಮಾಣಿಕರು. ಭಾಗ ಬದಲಿಸಿದಾಗ ನಂಬರನ್ನೂ ಬದಲಿಸಿದ್ದೀರಿ. ಕೊನೆಗೂ ಬಂದ ಹೊಸ ಕಾಯಿಲಿನ ಡಬ್ಬದ ಮೇಲಿನ ಪಾರ್ಟ್ ನಂಬರಿನ ಕೊನೆಗೆ ಹಳೆಯದರಲ್ಲಿ ಇಲ್ಲದ ಒಂದು ಅಕ್ಷರ ಸೇರಿದೆ. ಹಳೆಯದನ್ನು ಪಕ್ಕದಲ್ಲಿಟ್ಟರೆ ಬರಿಗಣ್ಣಿಗೇ ಕಾಣುತ್ತದೆ, ಹೊಸದರ ಮೇಲೆ ನೀಲಿ ಛಾಯೆಯ ಲೇಪನವಿದೆ. ಇನ್ನೊಂದು ಉಪಕಾರ ನಮ್ಮ ದೇಶದ ತೂಕ ಅಳತೆಯ ಇಲಾಖೆಯದು. ಡಬ್ಬದಲ್ಲಿ ಮಾರುವ ಸಾಮಾನಿನ ಮೇಲೆ ಎಂಆರ್‌ಪಿಯ ಜೊತೆ ತಯಾರಾದ ತಿಂಗಳು, ವರ್ಷ ಅಚ್ಚು ಹಾಕಬೇಕೆಂಬುದು ಅವರ ನಿಯಮ. ನಿಮ್ಮ ಡಬ್ಬದ ಮೇಲಿರುವ ತಿಂಗಳಿನಲ್ಲಿ ನನ್ನ ಕಾರಿನ ವಾರಂಟಿ ಇನ್ನೂ ಜೀವಂತವಾಗಿತ್ತು.

ಅಂದರೆ ಹಳೆಯ ಕಾಯಿಲ್ ನಿಲ್ಲುವುದಿಲ್ಲ ಎಂದು ತಿಳಿದು, ಹೊಸದನ್ನು ವಿನ್ಯಾಸ ಮಾಡಿ, ಪರೀಕ್ಷಿಸಿ, ತಯಾರಿಸಿ, ಡಬ್ಬಕ್ಕೆ ತುಂಬಿದ ಹೊತ್ತಿನಲ್ಲಿ ನಾನು ನಿಮ್ಮ ವರ್ಕ್‌ಶಾಪಿನಲ್ಲಿ ಗ್ಯಾಸು ತುಂಬಿಸಿಕೊಳ್ಳುತ್ತಿದ್ದೆ.

ನಿಮ್ಮ ಔದಾರ್ಯವನ್ನು ಮರೆತರೆ ಕೃತಘ್ನಳಾದೇನು. ನಾನು ಮೇಲ್ ಮೇಲೆ ಮೇಲ್ ಕಳಿಸಿದ ಮೇಲೆ "ಗುಡ್‌ವಿಲ್" ಎಂದು ಕಾಯಿಲಿನ ಬೆಲೆಯಲ್ಲಿ ಶೇಕಡಾ 30 ಬಿಟ್ಟಿರಿ. ಲೇಬರ್‌ನಲ್ಲಿ ಬಿಡಲಿಲ್ಲ. ಈ ಕೆಲಸದಲ್ಲಿ ಭಾರವಾಗುವುದೇ ಲೇಬರು ಎಂದು ನಿಮಗೆ ಗೊತ್ತು. ತೂತು ಗುಂಡುಸೂಜಿಯ ತುದಿಯಷ್ಟು. ಅದನ್ನು ಮುಟ್ಟಲು ಸ್ಟಿಯರಿಂಗ್ ಬಿಚ್ಚಬೇಕು, ಏರ್‌ಬ್ಯಾಗಿನ ವೈರು ಕಳಚಬೇಕು, ಇಡೀ ಡ್ಯಾಶ್‌ಬೋರ್ಡ್ ಹೊರಗೆ ತೆಗೆಯಬೇಕು. ಮತ್ತೆ ಜೋಡಿಸಿದ ಮೇಲೆ ಯಾವ ಡ್ಯಾಶ್‌ಬೋರ್ಡೂ ಮೊದಲಿನಷ್ಟು ಸುಮ್ಮನಿರುವುದಿಲ್ಲ. ನನ್ನದು ಈಗ ಪ್ರತಿ ರೋಡ್ ಹಂಪಿಗೂ ಕಟಕಟ ಎನ್ನುತ್ತದೆ. ಬಿಲ್ಲು 17 ಸಾವಿರ ದಾಟಿತು.

ಈ ಗುಡ್‌ವಿಲ್ ಯಾರಿಗೆ, ಎಷ್ಟು ಎಂಬುದಕ್ಕೆ ಲಿಖಿತ ನಿಯಮ ಕೇಳಿದೆ. ಇಲ್ಲವಂತೆ. ಪಂಕ್ತಿಯಲ್ಲಿ ಜೋರಾಗಿ ಕೂಗಿದವರ ಎಲೆಗೆ ಹೋಳಿಗೆ ಮೊದಲು ಬೀಳುವ ಹಾಗೆ ಇದೂ ನಡೆಯುತ್ತದೆ. ನಾನು ಪಾಠ ಹೇಳಿ ಗಂಟಲು ಪಳಗಿಸಿಕೊಂಡವಳು, ಶೇಕಡಾ 30 ಸಿಕ್ಕಿತು. ಅದೇ ದಿನ ನನ್ನ ಪಕ್ಕದಲ್ಲಿ ಕೂತಿದ್ದ, ಹಳ್ಳಿಯಿಂದ ಬಂದಿದ್ದ ವಯಸ್ಸಾದವರೊಬ್ಬರು ಅಡ್ವೈಸರ್ ಹೇಳಿದ ಮೊತ್ತಕ್ಕೆ ತಲೆಯಾಡಿಸಿ, ಅಂಗಿಯ ಒಳಜೇಬಿನಿಂದ ನೋಟು ಎಣಿಸಿ ಕೊಟ್ಟರು. ಅವರದೂ ಇದೇ ಮಾಡೆಲ್, ಅವರದೂ ಕಾಯಿಲೇ. ಅವರಿಗೂ ಹುಡುಗ "ಇದೇ ಫಸ್ಟ್ ರೀ ಕಾಕಾ" ಎಂದದ್ದನ್ನು ನಾನು ಕೇಳಿಸಿಕೊಂಡೆ. ನನಗೆ ಬಿಟ್ಟ ಶೇಕಡಾ 30 ಅವರಂಥವರ ಜೇಬಿನಿಂದ ಬಂದದ್ದೇ ಇರಬೇಕು.

ಅಮೆರಿಕದಲ್ಲಿ ನಿಮ್ಮ ದಂಧೆಯವರಿಗೆ ಬದುಕು ಇಷ್ಟು ಸುಲಭವಿಲ್ಲ. ಇಂಥ ತೊಂದರೆಗೆ ಹೀಗೆ ರಿಪೇರಿ ಮಾಡಿ ಎಂದು ಕಂಪನಿ ಡೀಲರುಗಳಿಗೆ ಕಳಿಸುವ ಸರ್ವಿಸ್ ಬುಲೆಟಿನ್‌ಗಳ ಪ್ರತಿಯನ್ನು ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆಗೆ ಕೊಡಬೇಕು, ಸಂಸ್ಥೆ ಅದನ್ನು ಯಾರು ಬೇಕಾದರೂ ಓದುವಂತೆ ತನ್ನ ಜಾಲತಾಣದಲ್ಲಿ ಹಾಕುತ್ತದೆ. ಹೋಂಡಾ ಅಲ್ಲಿ ಹತ್ತನೇ ತಲೆಮಾರಿನ ಸಿವಿಕ್ ಕಾರುಗಳ ಎಸಿ ಕಂಡೆನ್ಸರ್ ಸೋರುತ್ತದೆ ಎಂದಾಗ ಆ ಒಂದು ಭಾಗದ ವಾರಂಟಿಯನ್ನೇ 10 ವರ್ಷಕ್ಕೆ ಏರಿಸಿತು. ಅದೂ ಎಸಿಯೇ, ಅದೂ ಸೋರಿಕೆಯೇ. ನಮ್ಮಲ್ಲಿ ಬುಲೆಟಿನ್ ಎಂಬುದು ವರ್ಕ್‌ಶಾಪಿನ ಒಳಕೋಣೆ ದಾಟುವುದಿಲ್ಲ.

ಕೆಲಸ ಮುಗಿದ ಮೇಲೆ ಅಡ್ವೈಸರ್ ಹುಡುಗ ಫೋನ್ ಮಾಡಿದ. "ಮೇಡಂ, ಕಂಪನಿಯಿಂದ ಫೀಡ್‌ಬ್ಯಾಕ್ ಕಾಲ್ ಬರ್ತದ್ರಿ. ಹತ್ತಕ್ಕ ಹತ್ತು ಕೊಡ್ರಿ. ಒಂಬತ್ತು ಕೊಟ್ರೂ ನಮಗ ಫೇಲ್ ಆದಂಗ, ಇನ್ಸೆಂಟಿವ್ ಹೋಗ್ತದ." ನಿಮ್ಮ ಕಾಲ್ ಬಂತು. ಕಾರು ಚೆನ್ನಾಗಿ ತೊಳೆದಿದ್ದರೇ, ಸಿಬ್ಬಂದಿ ನಗುನಗುತ್ತ ಮಾತಾಡಿದರೇ, ಕಾಯುವ ಕೋಣೆಯಲ್ಲಿ ಚಹಾ ಕೊಟ್ಟರೇ ಎಂದೆಲ್ಲ ಕೇಳಿದರು. ಎಲ್ಲಕ್ಕೂ ಹತ್ತು ಕೊಟ್ಟೆ, ಚಹಾ ಚೆನ್ನಾಗಿಯೇ ಇತ್ತು. ಈ ರಿಪೇರಿ ನಿಮಗೆ ಬರಬೇಕಿತ್ತೇ ಎಂಬ ಪ್ರಶ್ನೆ ಪಟ್ಟಿಯಲ್ಲಿರಲಿಲ್ಲ.

ಆದ್ದರಿಂದ ಈ ಪತ್ರ. ನಾನು ಕೇಳುವುದು ಹೆಚ್ಚೇನಿಲ್ಲ, ಒಂದು ತಾರೀಕು. ಈ ಕಾಯಿಲಿನ ಬಗ್ಗೆ ಡೀಲರುಗಳಿಗೆ ನೀವು ಮೊದಲ ಬುಲೆಟಿನ್ ಕಳಿಸಿದ್ದು ಯಾವಾಗ? ಅದು ನನ್ನ ವಾರಂಟಿ ಮುಗಿದ ಮೇಲಿನ ತಾರೀಕಾಗಿದ್ದರೆ ಪುರಾವೆ ಕೊಡಿ, ನಾನು ಸುಮ್ಮನಾಗುತ್ತೇನೆ. ಅದಕ್ಕೂ ಮೊದಲಿನದಾಗಿದ್ದರೆ ನನ್ನ 17 ಸಾವಿರ ಹಿಂದಿರುಗಿಸಿ, ನೋಟು ಎಣಿಸಿ ಕೊಟ್ಟ ಆ ಕಾಕಾನ ದುಡ್ಡನ್ನೂ.

ಹಳೆಯ ಕಾಯಿಲ್ ನನ್ನಲ್ಲೇ ಇದೆ. ಕಂಪನಿಗೆ ಕಳಿಸಬೇಕು, ಕೊಡಲಾಗದು ಎಂದು ವರ್ಕ್‌ಶಾಪಿನವರು ತಡೆದರು. ವಾರಂಟಿಯಲ್ಲಿ ಬದಲಿಸಿದ್ದರೆ ಅದು ನಿಮ್ಮ ಸೊತ್ತು, ಹಣ ಕೊಟ್ಟು ಬದಲಿಸಿಕೊಂಡಿದ್ದರಿಂದ ನನ್ನದು ಎಂದು ಬಿಲ್ಲು ತೋರಿಸಿ ತಂದೆ. ಗ್ರಾಹಕ ಆಯೋಗ ಬೇಕೆಂದರೆ ಅದನ್ನು ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷಿಸಬಹುದು. 5 ಲಕ್ಷ ಮೀರಿ 10 ಲಕ್ಷದೊಳಗಿನ ಸರಕಿಗೆ ದೂರಿನ ಶುಲ್ಕ 200 ರೂಪಾಯಿ. ವಕೀಲರು ಬೇಕೇಬೇಕು ಎಂದೇನೂ ಇಲ್ಲ, ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಒಂದೇ ಹಿತಾಸಕ್ತಿಯ ಹಲವು ಗ್ರಾಹಕರು ಆಯೋಗದ ಅನುಮತಿ ಪಡೆದು ಒಟ್ಟಾಗಿ ಒಂದೇ ದೂರು ಕೊಡಲೂ ಗ್ರಾಹಕ ಸಂರಕ್ಷಣಾ ಕಾಯ್ದೆಯ 35ನೇ ಕಲಮಿನಲ್ಲಿ ಅವಕಾಶವಿದೆ.

ಉಸ್ತಾದರು ತಮ್ಮ ಗಿರಾಕಿಗಳ ಹೆಸರು, ಕಾರಿನ ಮಾಡೆಲ್, ಫೋನ್ ನಂಬರುಗಳನ್ನು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಈ ಮಾಡೆಲ್ಲಿನವರನ್ನು ಅವರೇ ಕೇಳಿ, ಒಪ್ಪಿದವರ ನಂಬರು ನನಗೆ ಕೊಡುತ್ತಿದ್ದಾರೆ. ಶಾಲೆ ಬಿಟ್ಟ ಮೇಲೆ ಸಂಜೆ ಹೊತ್ತು ನಾನು ಫೋನ್ ಮಾಡುತ್ತಿದ್ದೇನೆ.

ಇತಿ,
ನಿಮ್ಮ ದಾಖಲೆಗಳ ಪ್ರಕಾರ ಹತ್ತಕ್ಕೆ ಹತ್ತರಷ್ಟು ಸಂತೃಪ್ತಳಾದ
ಗ್ರಾಹಕಿ, ಕಲಬುರಗಿ